ಗೋಕಾಕರನ್ನ ಅರ್ಧಾ ಅಷ್ಟ ನೆನಪಿಟ್ಟೀವಿ

ಸಂಪಾದಕರಿಗೆ ನಮಸ್ಕಾರ,

ಸರಕಾರಿ ಸಾಲಿಯೊಳಗ ಇಂಗ್ಲಿಷ್ ಮೀಡಿಯಂ ಬೇಕೋ ಬ್ಯಾಡೋ, ದ್ವಿಭಾಷಾ ತರಗತಿ ಒಳ್ಳೇದೋ ಕೆಟ್ಟದ್ದೋ ಅಂತ ನಿಮ್ಮ ಈ ಅಂಕಣದಾಗ ಪತ್ರ ಬರಾಕತ್ತಾವ, ಎಲ್ಲಾ ಓದೇನಿ. ಕನ್ನಡದ ಪರ ಬರೆಯೋರೂ, ಹೈಸ್ಕೂಲಿನ್ಯಾಗ ಕನ್ನಡಾನ ಪ್ರಥಮ ಭಾಷೆ ಆಗಬೇಕಂತ ವರದಿ ಕೊಟ್ಟ ಕವಿ ಗೋಕಾಕರ ಹೆಸರು ತಗೋತಾರ, ಇಂಗ್ಲಿಷ್ ಬೇಕು ಅನ್ನೋರೂ ಗೋಕಾಕ ವರದಿ ಕಾಲ ಮುಗೀತು ಬಿಡ್ರಿ ಅಂತ ಅವರ ಹೆಸರನ್ನ ತಗೋತಾರ. ಆದ್ರ ಅವರು ಹೊಟ್ಟಿಪಾಡಿಗೆ ಏನ್ ಕೆಲಸ ಮಾಡ್ತಿದ್ರು ಅಂತ ಇಬ್ಬರೂ ಕೇಳಂಗಿಲ್ಲ. ಅವರು ಇಂಗ್ಲಿಷ್ ಮಾಸ್ತರ್ರೀ.

ವಿ.ಕೃ. ಗೋಕಾಕರು ಹುಟ್ಟಿದ್ದು 1909ರಾಗ ನಮ್ಮ ಸವಣೂರಾಗ, ಈಗಿನ ಹಾವೇರಿ ಜಿಲ್ಲೆ, ಆವಾಗ ಅದು ನವಾಬರ ಸಂಸ್ಥಾನ, ಓಣಿಯೊಳಗ ಕನ್ನಡಾನೂ ಉರ್ದೂನೂ ಕೂಡೇ ಕಿವಿಗೆ ಬೀಳೂ ಊರು. ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಕಲಿತ್ರು, ಬೇಂದ್ರೆಯವರ ಗೆಳೆಯರ ಗುಂಪಿನೊಳಗ ಕನ್ನಡ ಕವಿ ಆದ್ರು (ಬೇಂದ್ರೆಯವರ ಮನಿಭಾಷೆ ಮರಾಠಿ ಅನ್ನೂದೂ ಇಲ್ಲೇ ನೆನಪಿರಲಿ). ಪುಣೆ ಫರ್ಗ್ಯುಸನ್ ಕಾಲೇಜಿನ್ಯಾಗ ಇಂಗ್ಲಿಷ್ ಕಲಿಸಿದ್ರು, ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿ ಬಂದ್ರು, ಸಾಂಗ್ಲಿಯೊಳಗ ಪ್ರಿನ್ಸಿಪಾಲ್, ಮುಂದ ತಾವು ಕಲಿತ ಕರ್ನಾಟಕ ಕಾಲೇಜಿಗೇ ಪ್ರಿನ್ಸಿಪಾಲ್, ಆಮ್ಯಾಲೆ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ ಡೈರೆಕ್ಟರ್, ಅದರ ಮುಂದ ಬೆಂಗಳೂರು ವಿಶ್ವವಿದ್ಯಾಲಯಕ್ಕ ಕುಲಪತಿ. ಇಷ್ಟೆಲ್ಲಾ ಇಂಗ್ಲಿಷ್ ಮಾಸ್ತರಕಿ ಮಾಡಿ 1990ರ ಜ್ಞಾನಪೀಠ ತಗೊಂಡಿದ್ದು ಕನ್ನಡಕ್ಕ.

ಆ ಹೈದರಾಬಾದಿನ ಸಂಸ್ಥೆ ಸುದ್ದಿ ಸ್ವಲ್ಪ ಹೇಳಬೇಕು, ಯಾಕಂದ್ರ ನನ್ನ ಮಾತೆಲ್ಲಾ ಅಲ್ಲೇ ಐತಿ. 1958ರಾಗ ಚಾಲೂ ಆಗಿದ್ದು, ಇವತ್ತ ಅದs ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಆಗೇತಿ. ಅವಾಗ ಅದರ ಕೆಲಸ ಮಕ್ಕಳಿಗೆ ಇಂಗ್ಲಿಷ್ ಕಲಿಸೂದು ಅಲ್ಲ, ಇಂಗ್ಲಿಷ್ ಕಲಿಸೋ ಮಾಸ್ತರನ್ನ ತಯಾರು ಮಾಡೂದು. ಅಂದ್ರ ಈ ದೇಶದ ಸಾಲಿಯೊಳಗ ಇಂಗ್ಲಿಷ್ ನೆಟ್ಟಗ ಬರಬೇಕಂದ್ರ ಮೊದಲು ಯಾರನ್ನ ಕುಂದರಿಸಿ ಕಲಿಸಬೇಕು ಅನ್ನೂದು ಗೋಕಾಕರಿಗೆ ಆಫೀಸಿನ ಫೈಲ್ ನೋಡಿ ಗೊತ್ತಾಗಿದ್ದಲ್ಲ, ಮಾಡಿ ಗೊತ್ತಿದ್ದದ್ದು.

ಇಂಥವರನ್ನ 1980ರಾಗ ಸರಕಾರ ಭಾಷಾ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡ್ತು. ಅವಾಗಿನ ತಕರಾರು ಏನಂದ್ರ ಹೈಸ್ಕೂಲಿನ್ಯಾಗ ಮಾರ್ಕ್ಸಿನ ಆಶಾಕ್ಕ ಹುಡುಗೂರು ಸಂಸ್ಕೃತ ಪ್ರಥಮ ಭಾಷೆ ತಗೊಂಡು ಕನ್ನಡ ಓದದನ ಎಸ್ಸೆಸ್ಸೆಲ್ಸಿ ಪಾಸಾಗಿ ಹೋಗ್ತಿದ್ರು. 1981ರಾಗ ವರದಿ ಬಂತು: ಹೈಸ್ಕೂಲಿನ್ಯಾಗ ಕನ್ನಡ ಒಂದs ಪ್ರಥಮ ಭಾಷೆ, 150 ಅಂಕ. ಅದನ್ನ ಜಾರಿ ಮಾಡ್ರಿ ಅಂತ ಧಾರವಾಡದಾಗ ಕಿಡಿ ಹತ್ತಿ, ಪಾಟೀಲ ಪುಟ್ಟಪ್ಪನವರು, ಕವಿ ಚಂಪಾ (ಚಂದ್ರಶೇಖರ ಪಾಟೀಲ) ಎಲ್ಲಾ ಬೀದಿಗೆ ಇಳಿದು, 1982ರಾಗ ರಾಜಕುಮಾರ್ ಬಂದಮ್ಯಾಲೆ ಇಡೀ ರಾಜ್ಯಾನ ಎದ್ದು ನಿಂತಿದ್ದು ನಮ್ಮ ವಯಸ್ಸಿನವರಿಗೆಲ್ಲಾ ಗೊತ್ತು. ಈಗ ಒಂದ್ ಮಾತ್ ಗಮನಿಸ್ರಿ. ಆ ಜಗಳ ಪ್ರಥಮ ಭಾಷೆದು, ಮೀಡಿಯಂದಲ್ಲ. ಪ್ರಾಥಮಿಕ ಸಾಲಿ ಮಾಧ್ಯಮದ ಜಗಳ 1994ರ ಸರಕಾರಿ ಆದೇಶದ್ದು, ಅದು ಕೋರ್ಟಿನ ಮೆಟ್ಟಲಾ ಹತ್ತಿ 2014ರಾಗ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮಾನ ಸರಕಾರ ಒತ್ತಾಯ ಮಾಡಂಗಿಲ್ಲ ಅಂತ ತೀರ್ಪು ಕೊಟ್ಟು ಮುಗೀತು. ಎರಡನ್ನೂ ಕಲಸಿ ಗೋಕಾಕರ ತಲಿ ಮ್ಯಾಲೆ ಹಾಕಿ, ಅವರೇನೋ ಇಂಗ್ಲಿಷಿನ ವೈರಿ ಆಗಿದ್ರೇನೋ ಅನ್ನೂ ಹಂಗ ಬರೀತಾರಲ್ಲ, ಇದು ಸರಿ ಅಲ್ಲ.

ಈಗಿನ ಸುದ್ದಿಗೆ ಬರೂಣು. 2007ರಿಂದ ಸರಕಾರಿ ಕನ್ನಡ ಸಾಲಿಯೊಳಗೂ ಒಂದನೇತ್ತೆಯಿಂದನ ಇಂಗ್ಲಿಷ್ ಒಂದು ವಿಷಯ ಆಗಿ ಐತಿ, ಎಷ್ಟೋ ಪಾಲಕರಿಗೆ ಇದು ಇನ್ನೂ ಗೊತ್ತಿಲ್ಲ. 2019ರಾಗ ಒಂದು ಸಾವಿರ ಸರಕಾರಿ ಸಾಲಿಯೊಳಗ ಇಂಗ್ಲಿಷ್ ಮಾಧ್ಯಮ ವಿಭಾಗ ತೆಗೆದ್ರು, ಮುಂದ ಇನ್ನೂ ಹೆಚ್ಚು ಮಾಡಿದ್ರು. ಪಾಲಕರದೇನೂ ತಪ್ಪಿಲ್ಲ, ಹೊಲಾ ಕಡಿಮಿ ಇದ್ದಾಂವ, ಕೂಲಿ ಮಾಡಾಂವ, ತನ್ನ ಮಗಳಿಗೆ ಇಂಗ್ಲಿಷ್ ಬರಲಿ ಅಂದ್ರ ಅದು ಆಶಾ ಅಲ್ಲ, ಲೆಕ್ಕಾಚಾರ. ಅದನ್ನ ಕೊಡಬೇಕು. ಆದ್ರ ಕೊಡೋರು ಯಾರು? ಅದs ಸಾಲಿ ಅದs ಮಾಸ್ತರು ಅದs ಅಕ್ಕೋರು, ಕನ್ನಡ ಮೀಡಿಯಮ್ಮಿನ್ಯಾಗ ಕಲಿತು ಕನ್ನಡದಾಗ ಡಿ.ಎಡ್ ಮಾಡಿದವರು, ಅವರ ಕೈಯಾಗ ಕೆಲವು ದಿನದ ಟ್ರೇನಿಂಗ್ ಸರ್ಟಿಫಿಕೇಟ್ ಇಟ್ಟು ನಾಳೆಯಿಂದ ಗಣಿತ ಇಂಗ್ಲಿಷಿನ್ಯಾಗ ಹೇಳ್ರಿ ಅಂದ್ರ ಹೆಂಗ್ರೀ.

ನಿವೃತ್ತಿ ಆದಮ್ಯಾಲೆ ಗದಗ ಜಿಲ್ಲೆಯೊಳಗಿನ ಒಂದು ಸಾಲಿಗೆ ಪರಿಚಯದ ಅಕ್ಕೋರು ಕರೆದ್ರು ಅಂತ ಹೋಗಿದ್ದೆ. ನಾಕನೇತ್ತೆ, ಇಂಗ್ಲಿಷ್ ವಿಭಾಗ, ಭಿನ್ನರಾಶಿ ಪಾಠ. ಬೋರ್ಡಿನ ಮ್ಯಾಲೆ ಒನ್ ಬೈ ಫೋರ್, ಒನ್ ಬೈ ಏಟ್ ಬರೆದು ವಿಚ್ ಈಸ್ ಬಿಗ್ಗರ್ ಅಂತ ಕೇಳಿದ್ರು, ಇಡೀ ಕ್ಲಾಸು ಒಂದs ದನಿಯಾಗ ಒನ್ ಬೈ ಏಟ್ ಅಂತು. ಎಂಟು ದೊಡ್ಡದಲ್ಲ, ಅದಕ್ಕ. ಅಕ್ಕೋರು ಜಾಣಿ, ಕನ್ನಡಕ್ಕ ಹೊಳ್ಳಿದ್ರು: ಒಂದ್ ರೊಟ್ಟಿ ನಾಕ್ ಮಂದಿ ಹರಕೊಂಡು ತಿಂದ್ರ ಹೆಚ್ಚು ಸಿಗ್ತೈತೋ, ಎಂಟ್ ಮಂದಿ ತಿಂದ್ರೋ? ಹಿಂದ ಕುಂತ ಒಂದ್ ಹುಡುಗಿ ನಕ್ಕು 'ನಾಕ್ ಮಂದಿ ಇದ್ರನ ಹೆಚ್ರಿ, ಎಂಟ್ ಮಂದಿ ಇದ್ರ ಹೊಟ್ಟಿ ತುಂಬಂಗಿಲ್ರಿ' ಅಂದ್ಲು. ಅದನ್ನ ಹಿಡಿದು ಅಕ್ಕೋರು ಮತ್ತ ಇಂಗ್ಲಿಷಿಗೆ ಬಂದ್ರು, ಈ ಸಲ ಹುಡುಗೂರು ತಪ್ಪಲಿಲ್ಲ. ದ್ವಿಭಾಷಾ ಶಿಕ್ಷಣ ಅಂದ್ರ ಇಷ್ಟs ರೀ. ಕೆನಡಾದ ಜಿಮ್ ಕಮಿನ್ಸ್ ಅನ್ನೋ ವಿದ್ವಾಂಸರು ಇದನ್ನ ಹತ್ತಾರು ವರ್ಷ ಬರಕೋತ ಬಂದಾರ: ಮನಿಭಾಷೆಯೊಳಗ ತಿಳಿದ ವಿಚಾರ ಎರಡನೇ ಭಾಷೆಗೂ ದಾಟ್ತೈತಿ, ಹೊಸದಾಗಿ ತಿಳೀಬೇಕಾಗಿಲ್ಲ, ಹೊಸ ಹೆಸರು ಕಲಿತ್ರ ಸಾಕು ಅಂತ.

ಆ ಅಕ್ಕೋರಿಗೆ ಮ್ಯಾಲಿನವರು ಹೇಳಿದ್ದೇನು ಗೊತ್ತೇನ್ರಿ, ಇಂಗ್ಲಿಷ್ ವಿಭಾಗದಾಗ ಕನ್ನಡ ಮಾತಾಡಬ್ಯಾಡ್ರಿ ಅಂತ! ಪುಸ್ತಕ ಎರಡೂ ಭಾಷೆದಾಗ ಛಾಪಿಸಿ ಕೊಟ್ಟು ಬಾಯಿಗೆ ಬೀಗ.

ಇನ್ನ ತಾಂಡಾದ ಮಕ್ಕಳ ಕಥಿ ಬ್ಯಾರೇನ ಐತಿ. ಮನಿಯೊಳಗ ಲಂಬಾಣಿ, ಅಪ್ಪ ಅವ್ವ ಗೋವಾಕ್ಕ ದುಡಿಯಾಕ ಹೋದ್ರ ಅಲ್ಲಿ ಹಿಂದಿ ಕೊಂಕಣಿ, ಊರಿಗೆ ಬಂದ್ರ ಸಾಲಿಯೊಳಗ ಕನ್ನಡ, ಮ್ಯಾಲೆ ಈಗ ಇಂಗ್ಲಿಷ್. ಹಳೇ ಹುಬ್ಬಳ್ಳಿ ಕಡೆ ಉರ್ದು ಮನಿಯ ಮಕ್ಕಳದೂ ಹಂಗs. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಾಗ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯೊಳಗ ಕಲಿಸೂ ಸೌಲಭ್ಯ ಕೊಡ್ರಿ ಅಂತೈತಿ, ಲಂಬಾಣಿ ಮಾತಾಡೂ ಮಾಸ್ತರು ಎಷ್ಟ್ ಸಾಲಿಯೊಳಗ ಅದಾರ ಹುಡುಕಿ ನೋಡ್ರಿ.

ಧಾರವಾಡಕ್ಕ ಇದೆಲ್ಲಾ ಹೊಸದಲ್ಲ. ನಮ್ಮ ಭಾಗದ ಸಾಲಿಯೊಳಗ ಮರಾಠಿ ತುಂಬಿದ್ದ ಕಾಲಕ್ಕ ಶಿಕ್ಷಣ ಇಲಾಖೆಯೊಳಗ ಅಧಿಕಾರಿ ಆಗಿದ್ದ ಡೆಪ್ಯೂಟಿ ಚನ್ನಬಸಪ್ಪನವರು ಬರೇ ಬೋರ್ಡ್ ಬದಲಿ ಮಾಡ್ಸಿ ಸುಮ್ಮನಾಗಲಿಲ್ಲ, ಧಾರವಾಡದ ನಾರ್ಮಲ್ ಸ್ಕೂಲಿನ್ಯಾಗ ಕನ್ನಡ ಮಾಸ್ತರನ್ನ ತಯಾರು ಮಾಡಿದ್ರು, ಆ ಮಾಸ್ತರಿಗೆ ಓದಾಕ ಅಂತ 1865ರಾಗ 'ಮಠಪತ್ರಿಕೆ' ಹೊಂಟಿತು, ಅದs ಮುಂದ 'ಜೀವನ ಶಿಕ್ಷಣ' ಆತು. ಇಂಗ್ಲಿಷ್, ಮರಾಠಿ ಎರಡೂ ಬಲ್ಲವರು ಅವರು, ಶೇಕ್ಸ್‌ಪಿಯರನ್ನೂ ಕನ್ನಡಕ್ಕ ತಂದವರು. ಮಾಸ್ತರು ಮೊದಲು, ಆದೇಶ ಆಮ್ಯಾಲೆ. ನಾವು ತಿರುವಾಮುರುವಾ ಮಾಡೀವಿ.

ಹಿಂಗಾಗಿ ಸರಕಾರಕ್ಕ ನನ್ನ ವಿನಂತಿ ಇಷ್ಟು. ಇಂಗ್ಲಿಷ್ ಟ್ರೇನಿಂಗ್ ಅಂದ್ರ ಬೆಂಗಳೂರಿನ ಕಡೆ ಮುಖಾ ಮಾಡೂದು ಬಿಟ್ಟು, ಧಾರವಾಡದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತ ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಕೂಡಿ ಧಾರವಾಡ, ಗದಗ, ಹಾವೇರಿ ಜಿಲ್ಲೆ ಪ್ರಾಥಮಿಕ ಶಿಕ್ಷಕರಿಗೆ ಪೂರಾ ಒಂದು ಶೈಕ್ಷಣಿಕ ವರ್ಷದ ಕೋರ್ಸ್ ಇಡಲಿ. ಎರಡೂ ಭಾಷೆ ಬಳಸಿ ಹೆಂಗ ಪಾಠ ಹೇಳೂದು ಅನ್ನೂದನ್ನ ಅದರಾಗ ಕಲಿಸಲಿ, ಕನ್ನಡ ಮಾತಾಡಬ್ಯಾಡ್ರಿ ಅನ್ನೂ ಬಾಯಿಮಾತಿನ ಹುಕುಂ ವಾಪಸ್ ತಗೊಳ್ಳಲಿ. ಕೋರ್ಸಿಗೆ ಹೋದವರ ಜಾಗಾಕ್ಕ ಅತಿಥಿ ಶಿಕ್ಷಕರನ್ನ ಜೂನ್ ಒಳಗನ ಕೊಡಬೇಕು, ಪಗಾರ ತಿಂಗಳಾ ತಿಂಗಳಾ ಹಾಕಬೇಕು, ಇಲ್ಲಂದ್ರ ಒಬ್ಬರs ಮಾಸ್ತರು ಇರೂ ಹಳ್ಳಿ ಸಾಲಿಗಳಿಗೆ ಆ ವರ್ಷ ಬೀಗಾ ಬೀಳ್ತೈತಿ.

ಇಂತಿ,
ಒಬ್ಬ ನಿವೃತ್ತ ಪ್ರಾಥಮಿಕ ಸಾಲಿ ಶಿಕ್ಷಕ, ಧಾರವಾಡ