‘ಸೆನ್ಸರ್ ಇದೆ’ ಎಂದು ಗುರುತು ಹಾಕಿದರೆ ಸಾಲದು: ಕೈಗಾರಿಕಾ ಸುರಕ್ಷತೆಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಗ್ಯಾಸ್ ಡಿಟೆಕ್ಟರುಗಳನ್ನು ಪರೀಕ್ಷಿಸಿ, ಸರಿಪಡಿಸಿ, ಕ್ಯಾಲಿಬ್ರೇಶನ್ ಮಾಡಿಕೊಡುವುದು ನನ್ನ ವೃತ್ತಿ. ತಮ್ಮ ಇಲಾಖೆಯ ತಪಾಸಣಾ ನಮೂನೆಯಲ್ಲಿ ‘ದಹನಶೀಲ ಅನಿಲ ಪತ್ತೆಗೆ ಸೆನ್ಸರ್ ಅಳವಡಿಸಲಾಗಿದೆಯೇ?’ ಎಂಬ ಪ್ರಶ್ನೆಯಿದೆ. ಅದರ ಮುಂದೆ ‘ಹೌದು’ ಎಂದು ಬಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಗೋಡೆಯ ಮೇಲಿರುವ ಆ ಸೆನ್ಸರಿಗೆ ಇಂದು ಅನಿಲ ಹಾಯಿಸಿದರೆ ಅದು ಸ್ಪಂದಿಸುತ್ತದೆಯೇ ಎಂದು ಕೇಳುವ ಸಾಲು ಅದರಲ್ಲಿಲ್ಲ. ಆ ಸಾಲನ್ನು ಸೇರಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನೈಸರ್ಗಿಕ ಅನಿಲದಿಂದ ನಡೆಯುವ ಒಂದು ಬಾಯ್ಲರ್ ಕೋಣೆಗೆ ಪರೀಕ್ಷೆಗೆಂದು ಹೋಗಿದ್ದೆ. ಪ್ಯಾನೆಲಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ಪರದೆಯ ಮೇಲೆ ಸೊನ್ನೆ ಇತ್ತು, ಹಿಂದಿನ ತಪಾಸಣೆಯ ಕಾಗದಪತ್ರವೂ ಸರಿಯಾಗಿತ್ತು. ಪರೀಕ್ಷಾ ಅನಿಲದ ಬಾಟಲಿಯ ಕೊಳವೆಯನ್ನು ಸೆನ್ಸರಿನ ಬಾಯಿಗೆ ಜೋಡಿಸಿ ವಾಲ್ವ್ ತೆರೆದೆ. ಬಾಟಲಿಯಲ್ಲಿದ್ದದ್ದು ಶೇ 2.5ರಷ್ಟು ಮೀಥೇನ್ ಬೆರೆತ ಗಾಳಿ. ಗಾಳಿಯಲ್ಲಿ ಮೀಥೇನ್ ಸುಮಾರು ಶೇ 5ಕ್ಕೆ ಮುಟ್ಟಿದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಆ ಮಿತಿಯನ್ನೇ 100 ಎಂದು ಹಿಡಿಯುವುದರಿಂದ ಪರದೆ 50 ತೋರಿಸಬೇಕಿತ್ತು. ಎರಡು ನಿಮಿಷ ಕಾದರೂ ಅದು 6ರಿಂದ ಮೇಲೇರಲಿಲ್ಲ. ಅಲ್ಲಿ ಮೊದಲ ಅಲಾರಂ 20ಕ್ಕೆ ಕೂಗುವಂತೆ ಹೊಂದಿಸಿದ್ದರು. ಅದೇ ಲೆಕ್ಕದಲ್ಲಿ, ಕೋಣೆಯ ಗಾಳಿ ಸ್ಫೋಟದ ಮಿತಿಯನ್ನು ಮುಟ್ಟಿದ್ದರೂ ಪರದೆ 12ರ ಆಸುಪಾಸಿನಲ್ಲೇ ನಿಂತು, ಅಲಾರಂ ತೆಪ್ಪಗಿರುತ್ತಿತ್ತು. ಕಾರಣ ಕಣ್ಣೆದುರೇ ಇತ್ತು: ಕೇಬಲ್ ಹಾದುಹೋಗುವ ತೂತನ್ನು ಯಾರೋ ಸಿಲಿಕೋನ್ ಸೀಲಂಟಿನಿಂದ ಮುಚ್ಚಿದ್ದರು, ಸೆನ್ಸರಿನಿಂದ ಒಂದು ಗೇಣು ದೂರದಲ್ಲಿ.

ಈ ಬಗೆಯ ಕ್ಯಾಟಲಿಟಿಕ್ ಸೆನ್ಸರಿನೊಳಗೆ ಪ್ಲಾಟಿನಂ ತಂತಿಯ ಸುರುಳಿಯನ್ನು ಹುದುಗಿಸಿಟ್ಟ, ವೇಗವರ್ಧಕ ಲೇಪಿಸಿದ ಪುಟ್ಟ ಮಣಿಯೊಂದು ಸದಾ ಬಿಸಿಯಾಗಿರುತ್ತದೆ. ಅನಿಲ ಅದರ ಮೇಲೆ ಉರಿದಾಗ ಶಾಖ ಏರಿ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಪಕ್ಕದಲ್ಲಿರುವ, ಅನಿಲಕ್ಕೆ ಸ್ಪಂದಿಸದ ಇನ್ನೊಂದು ಮಣಿಯೊಂದಿಗೆ ಹೋಲಿಸಿ ಆ ಬದಲಾವಣೆಯನ್ನು ಅಳೆಯಲಾಗುತ್ತದೆ. ಸಿಲಿಕೋನಿನ ಆವಿ, ಸೀಸದ ಸಂಯುಕ್ತಗಳು, ಕೆಲವು ಗಂಧಕದ ಅನಿಲಗಳು ಆ ಲೇಪನವನ್ನು ನಿಷ್ಕ್ರಿಯಗೊಳಿಸಬಲ್ಲವು. ತಂತಿ ತುಂಡಾದರೆ ಪ್ಯಾನೆಲ್ ‘ದೋಷ’ ಎಂದು ಕೂಗಿ ಹೇಳುತ್ತದೆ, ಆದರೆ ಲೇಪನ ಸತ್ತರೆ ಏನನ್ನೂ ಹೇಳುವುದಿಲ್ಲ. ಉರಿಯುವುದೇ ನಿಂತ ಮೇಲೆ ಎರಡೂ ಮಣಿಗಳು ಸಮವಾಗಿಯೇ ಇರುತ್ತವೆ, ಪರದೆ ಸೊನ್ನೆಯನ್ನೇ ತೋರಿಸುತ್ತದೆ. ಶುದ್ಧ ಗಾಳಿಯ ಸೊನ್ನೆಗೂ ಸತ್ತ ಸೆನ್ಸರಿನ ಸೊನ್ನೆಗೂ ನೋಡುವವರ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಪರದೆಯನ್ನು ನೋಡಿ ಸಹಿ ಹಾಕುವ ತಪಾಸಣೆ ವ್ಯರ್ಥ ಎನ್ನುವುದು ಇದಕ್ಕಾಗಿಯೇ.

ಎಲ್ಲ ಕಡೆಯೂ ಇನ್‌ಫ್ರಾರೆಡ್ ಸೆನ್ಸರುಗಳನ್ನು ಕಡ್ಡಾಯ ಮಾಡಿದರಾಯಿತು ಎಂದು ಯಾರಾದರೂ ತಮಗೆ ಸಲಹೆ ಕೊಡಬಹುದು. ಅವುಗಳಿಗೆ ಈ ವಿಷಬಾಧೆ ಇಲ್ಲ, ಕೆಲಸ ಮಾಡಲು ಆಮ್ಲಜನಕವೂ ಬೇಕಿಲ್ಲ, ನಿಜ. ಆದರೆ ಅವಕ್ಕೆ ಹೈಡ್ರೋಜನ್ ಕಾಣುವುದೇ ಇಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುವ ಬ್ಯಾಟರಿಗಳ ಕೋಣೆಯಲ್ಲಿ ಅಂಥದ್ದನ್ನು ತೂಗುಹಾಕಿದರೆ ಅದು ಬರೀ ಅಲಂಕಾರ. ಇನ್ನು, ಯಾವ ಸೆನ್ಸರೇ ಆದರೂ ಅದರ ಬಾಯಿಗೆ ಬಣ್ಣ ಮೆತ್ತಿದ್ದರೆ, ಮಳೆನೀರು ತಾಗದಿರಲೆಂದು ಕಟ್ಟಿದ ಪಾಲಿಥಿನ್ ಚೀಲ ಹಾಗೆಯೇ ಉಳಿದಿದ್ದರೆ ಅನಿಲ ಒಳಗೆ ಹೋಗುವುದಾದರೂ ಹೇಗೆ? ಎರಡನ್ನೂ ನಾನು ಒಂದಕ್ಕಿಂತ ಹೆಚ್ಚು ಸಲ ನನ್ನ ಕೈಯಿಂದಲೇ ಬಿಡಿಸಿದ್ದೇನೆ. ಮೀಥೇನ್ ಗಾಳಿಗಿಂತ ಹಗುರ, ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಇಂಧನ ಬದಲಾದ ಮೇಲೂ ಸೆನ್ಸರನ್ನು ಚಾವಣಿಯಿಂದ ನೆಲದ ಹತ್ತಿರಕ್ಕೆ ಇಳಿಸದಿರುವ ಕಡೆಗಳೂ ಇವೆ.

ನಾನು ಕೇಳುತ್ತಿರುವುದು ಹೊಸ ಕಾನೂನನ್ನಲ್ಲ. ಸೆನ್ಸರುಗಳ ಆಯ್ಕೆ, ಅಳವಡಿಕೆ, ಬಳಕೆ, ನಿರ್ವಹಣೆಗೆಂದೇ ಐಇಸಿ 60079-29-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ತಪಾಸಣಾಧಿಕಾರಿಯು ತಾನೇ ಆರಿಸಿದ ಕೆಲವು ಸೆನ್ಸರುಗಳಿಗೆ ತನ್ನೆದುರೇ ಪರೀಕ್ಷಾ ಅನಿಲ ಹಾಯಿಸಿ ನೋಡಬೇಕು. ಈ ಬಂಪ್ ಟೆಸ್ಟಿಗೆ ಒಂದೊಂದು ಸೆನ್ಸರಿಗೆ ಕೆಲವೇ ನಿಮಿಷ ಸಾಕು. ಬಾಟಲಿಯ ಅವಧಿ ಮುಗಿದಿಲ್ಲವೆಂಬುದನ್ನೂ ಅವರೇ ಓದಿ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರಿಪಡಿಸುವ ಮೊದಲು ಸೆನ್ಸರ್ ತೋರಿಸಿದ ಅಂಕಿಯನ್ನು ದಾಖಲಿಸುವುದು ಕಡ್ಡಾಯವಾಗಬೇಕು. ಈ ವಿಷಯದಲ್ಲಿ ನಮ್ಮ ವೃತ್ತಿಯವರೂ ನಿರ್ದೋಷಿಗಳಲ್ಲ. 6 ತೋರಿಸುತ್ತಿದ್ದುದನ್ನು ತಿರುಗಿಸಿ 50ಕ್ಕೆ ತಂದು, ಪ್ರಮಾಣಪತ್ರದಲ್ಲಿ 50 ಎಂದಷ್ಟೇ ಬರೆಯುವ ರೂಢಿ ನಮ್ಮಲ್ಲಿದೆ. ಹಾಗೆ ಬರೆದಾಗ ಆ ಕೋಣೆ ಎಷ್ಟು ದಿನ ಕಾವಲಿಲ್ಲದೆ ಇತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. ಪ್ರಾಮಾಣಿಕವಾಗಿ 6 ಎಂದು ದಾಖಲಿಸಿ ಸೆನ್ಸರ್ ಬದಲಿಸಿದ ಕಾರ್ಖಾನೆಗೆ ದಂಡ ವಿಧಿಸಬೇಡಿ. ವಿಧಿಸಿದರೆ ಮರುವರ್ಷದಿಂದ ಎಲ್ಲರೂ 50 ಎಂದೇ ಬರೆಯುತ್ತಾರೆ.

ಬೈಪಾಸ್ ಮಾಡಿದ, ಅಂದರೆ ಅನಿಲ ಕಂಡರೂ ಅಲಾರಂ ಕೂಗದಂತೆ, ಯಂತ್ರ ನಿಲ್ಲದಂತೆ ಸಂಪರ್ಕ ತಪ್ಪಿಸಿಟ್ಟ ಸೆನ್ಸರುಗಳ ದಾಖಲೆ ಪುಸ್ತಕವನ್ನೂ ಕೇಳಿ ನೋಡುವಂತಾಗಬೇಕು. 2010ರಲ್ಲಿ ಅಮೆರಿಕದ ಅಪ್ಪರ್ ಬಿಗ್ ಬ್ರಾಂಚ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟಕ್ಕೆ 29 ಮಂದಿ ಬಲಿಯಾದ ಬಳಿಕ, ಅದಕ್ಕೂ ಮೊದಲು ಅದೇ ಗಣಿಯಲ್ಲಿ ಕೆಲಸ ನಿಲ್ಲಬಾರದೆಂದು ಯಂತ್ರವೊಂದರ ಮೀಥೇನ್ ಮಾನಿಟರನ್ನು ಬೈಪಾಸ್ ಮಾಡಿದ್ದ ಸಂಗತಿ ಹೊರಬಂತು. ಆ ಬೈಪಾಸೇ ಸ್ಫೋಟಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ, ಆದರೆ ಅಂಥದ್ದು ದುರಂತ ನಡೆದ ಮೇಲಷ್ಟೇ ಬೆಳಕಿಗೆ ಬರಬೇಕೇ?

ಆ ಬಾಯ್ಲರ್ ಕೋಣೆಯಿಂದ ಬಿಚ್ಚಿ ತೆಗೆದ ಸೆನ್ಸರನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ನಮೂನೆಯ ಪರಿಷ್ಕರಣೆಗೆ ತಾವು ಸಭೆ ಕರೆದರೆ, ಅದನ್ನು ಮತ್ತು ಒಂದು ಬಾಟಲಿ ಪರೀಕ್ಷಾ ಅನಿಲವನ್ನು ತಂದು, ತಮ್ಮ ಅಧಿಕಾರಿಗಳ ಎದುರೇ ಹಾಯಿಸಿ ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್