ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು?

ಮಾನ್ಯ ಸಂಪಾದಕರಿಗೆ,

ಅಮೆರಿಕದಲ್ಲಿ ಕೆಲವು ವಾರಗಳ ಒಪ್ಪಂದದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ದುಡಿಯುವ ಟ್ರಾವೆಲ್ ನರ್ಸ್‌ಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಹಣದಾಸೆಗೆ ಊರಿಂದೂರಿಗೆ ಅಲೆಯುವ ಇವರಿಂದಲೇ ಅಲ್ಲಿನ ಆಸ್ಪತ್ರೆಗಳು ಸೊರಗುತ್ತಿವೆ ಎಂಬ ಧ್ವನಿ ಅದರಲ್ಲಿತ್ತು. ಆ ದೇಶದಲ್ಲಿ ಮೊದಲು ಕಾಯಂ ನರ್ಸ್ ಆಗಿ, ಆಮೇಲೆ ಟ್ರಾವೆಲ್ ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಆ ಮಾತಿನಿಂದ ನೋವಾಯಿತು.

ನಾನು ಕಾಯಂ ಕೆಲಸ ಬಿಟ್ಟದ್ದಕ್ಕೆ ಹಣವೂ ಒಂದು ಕಾರಣ, ಆದರೆ ಮೊದಲ ಕಾರಣವಲ್ಲ. ಹನ್ನೆರಡು ಗಂಟೆಗಳ ರಾತ್ರಿಪಾಳಿಯಲ್ಲಿ ಏಳು ರೋಗಿಗಳನ್ನು ನನ್ನೊಬ್ಬಳಿಗೆ ಒಪ್ಪಿಸುವುದು ನಮ್ಮ ವಾರ್ಡಿನಲ್ಲಿ ವಾಡಿಕೆಯಾಗಿಬಿಟ್ಟಿತ್ತು. ಒಬ್ಬರ ಡ್ರಿಪ್ ಬದಲಿಸುವಷ್ಟರಲ್ಲಿ ಇನ್ನೊಬ್ಬರಿಗೆ ಉಬ್ಬಸ ಏರುತ್ತಿತ್ತು. ಮೂರನೆಯವರು ಕರೆಗಂಟೆ ಒತ್ತಿ, ಕಾದು ಕಾದು, ಶೌಚಾಲಯಕ್ಕೆಂದು ತಾವೇ ಎದ್ದು ಬೀಳುತ್ತಿದ್ದರು. ಹಾಗೆ ಬಿದ್ದ ವೃದ್ಧೆಯೊಬ್ಬರ ಸೊಂಟದ ಮೂಳೆ ಮುರಿದ ರಾತ್ರಿಯನ್ನು ನಾನಿನ್ನೂ ಮರೆತಿಲ್ಲ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವು, ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ 30 ದಿನಗಳೊಳಗಿನ ಸಾವಿನ ಸಂಭವ ಶೇ 7ರಷ್ಟು ಏರುವುದನ್ನು ತೋರಿಸಿತ್ತು. ವಾರ್ಡಿನಲ್ಲಿದ್ದ ನಮಗೆ ಆ ಅಂಕಿಗಳಲ್ಲಿ ಮುಖಗಳು ಕಾಣುತ್ತಿದ್ದವು.

ಟ್ರಾವೆಲ್ ನರ್ಸ್‌ನ ಒಪ್ಪಂದ ಸಾಮಾನ್ಯವಾಗಿ 13 ವಾರಗಳದ್ದು. ಕೋವಿಡ್ ಕಾಲದಲ್ಲಿ ಕೆಲವು ಒಪ್ಪಂದಗಳು ವಾರಕ್ಕೆ 5,000 ಡಾಲರ್‌ಗೂ ಮೀರಿದ್ದು ನಿಜ. ಅದೇ ವಾರ್ಡಿನಲ್ಲಿ ಅದೇ ಕೆಲಸ ಮಾಡುವ ಕಾಯಂ ನರ್ಸ್‌ಗೆ ಅದರ ಅರ್ಧವೂ ಸಿಗದಿದ್ದಾಗ ಆಕೆಗಾದ ಸಂಕಟ ನ್ಯಾಯವಾದದ್ದೇ. ಆದರೆ ಆ ದರವನ್ನು ಒಪ್ಪಿದ್ದು ಆಸ್ಪತ್ರೆಗಳ ಆಡಳಿತ. ಅದೇ ಆಡಳಿತವು ಅದಕ್ಕೂ ಹಿಂದಿನ ವರ್ಷಗಳಲ್ಲಿ ಇದ್ದವರನ್ನು ಉಳಿಸಿಕೊಳ್ಳಲು ಹಣವಿಲ್ಲ ಎನ್ನುತ್ತಿತ್ತು. ಹೊಸ ಆಸ್ಪತ್ರೆಯೊಂದರ ಮೊದಲ ದಿನ ನನಗೆ ಸಿಕ್ಕಿದ್ದು ಅರ್ಧ ದಿನದ ಪರಿಚಯ, ಆಮೇಲೆ ಆರು ರೋಗಿಗಳು. ಔಷಧದ ಯಂತ್ರ ತೆರೆಯಲು ಪಾಸ್‌ವರ್ಡ್ ಇನ್ನೂ ಬಂದಿರಲಿಲ್ಲ, ಹೃದಯ ನಿಂತವರಿಗೆ ಬೇಕಾಗುವ ತುರ್ತು ಗಾಡಿ ಎಲ್ಲಿದೆಯೆಂದು ನಾನೇ ಹುಡುಕಿ ತಿಳಿದುಕೊಳ್ಳಬೇಕಾಯಿತು. ಬೇರೆ ವಾರ್ಡಿನಲ್ಲಿ ಜನ ಕಡಿಮೆಯಾದರೆ ಮೊದಲು ಅಲ್ಲಿಗೆ ಕಳುಹಿಸುವುದು ನಮ್ಮನ್ನೇ. ಇಂಥ ಏರ್ಪಾಡು ತುರ್ತಿಗೆ ಸರಿ. ವರ್ಷಗಟ್ಟಲೆ ವಾರ್ಡು ನಡೆಸುವುದಕ್ಕೆ ಸಲ್ಲದು.

ಸಮವಸ್ತ್ರದ ಬದಲಾವಣೆಯನ್ನೂ ಲೇಖನ ಸುಧಾರಣೆಯೆಂದು ಹೊಗಳಿದೆ. ಗಂಜಿ ಹಾಕಿದ ಬಿಳಿ ಉಡುಪು, ತಲೆಯ ಮೇಲಿನ ಟೋಪಿ 1970–80ರ ದಶಕಗಳಲ್ಲಿ ಮರೆಯಾಗಿ, ಶಸ್ತ್ರಚಿಕಿತ್ಸಾ ಕೊಠಡಿಯ ಸ್ಕ್ರಬ್ಸ್ ಎಂಬ ಸಡಿಲ ಅಂಗಿ-ಪ್ಯಾಂಟು ಎಲ್ಲ ವಾರ್ಡುಗಳಿಗೂ ಬಂದದ್ದು ಒಳ್ಳೆಯದೇ ಆಯಿತು. ರೋಗಿಯನ್ನು ಎತ್ತಿ ಮಲಗಿಸುವವರಿಗೆ ಟೋಪಿ ಅಡಚಣೆಯಾಗಿತ್ತು. ಆದರೆ ಎಲ್ಲರೂ ಸ್ಕ್ರಬ್ಸ್ ತೊಟ್ಟ ಮೇಲೆ ನರ್ಸ್ ಯಾರು, ಸಹಾಯಕಿ ಯಾರು, ರಕ್ತ ತೆಗೆಯಲು ಬಂದವರು ಯಾರು ಎಂದು ರೋಗಿಗೆ ತಿಳಿಯದಾಯಿತು. ಅದಕ್ಕೆಂದು ಅನೇಕ ಆಸ್ಪತ್ರೆಗಳು ಒಂದೊಂದು ವೃತ್ತಿಗೆ ಒಂದೊಂದು ಬಣ್ಣ ಗೊತ್ತುಮಾಡಿದವು. ಉದ್ದೇಶ ಸರಿಯಾದದ್ದು. ಆದರೆ ಒಂದು ಕಡೆ ನರ್ಸ್‌ಗೆ ಕಡುನೀಲಿಯಾದರೆ ಇನ್ನೊಂದು ಕಡೆ ಅದೇ ಕಡುನೀಲಿ ಬೇರೆಯವರದು, ಹೀಗಾಗಿ ಟ್ರಾವೆಲ್ ನರ್ಸ್ ಹೊಸ ಒಪ್ಪಂದಕ್ಕೆ ಹೊಸ ಉಡುಪು ಕೊಳ್ಳಬೇಕು, ಆಸ್ಪತ್ರೆ ಬದಲಿಸಿದ ರೋಗಿ ಹೊಸ ಬಣ್ಣ ಕಲಿಯಬೇಕು. ಗುರುತಿನ ಚೀಟಿಯ ಕೆಳಗೆ ದಪ್ಪಕ್ಷರದಲ್ಲಿ ಹುದ್ದೆಯನ್ನು ಬರೆದ ಪಟ್ಟಿಯನ್ನು ಎಲ್ಲೆಡೆ ಕಡ್ಡಾಯ ಮಾಡುವುದು ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಸುಲಭ. ಯಾವ ಬಣ್ಣವಾದರೂ ಕರೆಗಂಟೆ ಒತ್ತಿದಾಗ ಬರಲು ಒಬ್ಬರು ಬೇಕಲ್ಲವೇ?

ದಾರಿ ಇಲ್ಲದೆ ಇಲ್ಲ. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ, 2004ರಿಂದ ವಾರ್ಡುವಾರು ಮಿತಿಯನ್ನು ಜಾರಿಗೆ ತಂದಿತು. ಅಲ್ಲಿ ತೀವ್ರ ನಿಗಾ ಘಟಕದಲ್ಲಿ ಒಬ್ಬ ನರ್ಸ್‌ಗೆ ಹೆಚ್ಚೆಂದರೆ ಇಬ್ಬರು, ಸಾಮಾನ್ಯ ವಾರ್ಡಿನಲ್ಲಿ ಐವರು ರೋಗಿಗಳು. 2023ರಲ್ಲಿ ಆರೆಗಾನ್ ಕೂಡ ಮಿತಿ ವಿಧಿಸಿತು. ಮ್ಯಾಸಚೂಸೆಟ್ಸ್‌ನ ಮತದಾರರು 2018ರಲ್ಲಿ ಇಂಥದೇ ಪ್ರಸ್ತಾವವನ್ನು ತಿರಸ್ಕರಿಸಿದ್ದು ನನ್ನಂಥವರಿಗೆ ನಿರಾಸೆ ತಂದಿತು. ಬೋಧಕರಿಲ್ಲದೆ ನರ್ಸಿಂಗ್ ಕಾಲೇಜುಗಳು ಪ್ರತಿವರ್ಷ ಸಾವಿರಾರು ಅರ್ಹರನ್ನು ಹಿಂದಕ್ಕೆ ಕಳುಹಿಸುತ್ತಿರುವುದಕ್ಕೂ ಪರಿಹಾರ ಬೇಕು. ಆದರೆ ಮಿತಿಯಿಲ್ಲದ ವಾರ್ಡಿಗೆ ಎಷ್ಟು ಹೊಸಬರನ್ನು ತಂದರೂ ಅವರು ಉಳಿಯುವುದಿಲ್ಲ.

ಇನ್ನು ಮುಂದೆ ನರ್ಸ್‌ಗಳ ಕೊರತೆಯ ಬಗ್ಗೆ ವರದಿ ಬರೆಯುವಾಗ, ಅಲ್ಲಿನ ರಾತ್ರಿಪಾಳಿಯಲ್ಲಿ ಒಬ್ಬೊಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು ಎಂಬುದನ್ನು ಆಸ್ಪತ್ರೆಯವರಿಂದ ಕೇಳಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ನರ್ಸ್