ಅರ್ಧ ಬಾಟ್ಸನ್ನಿನ ಲೆಕ್ಕ: ಪುಟ್ಟಿಗೆ ದೊಡ್ಡಮ್ಮನ ಪತ್ರ

ಕರ್ತನಲ್ಲಿ ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವು ಕ್ಷೇಮ. ದೊಡ್ಡಪ್ಪನ ಶುಗರ್ ಸ್ವಲ್ಪ ಹತೋಟಿಗೆ ಬಂದಿದೆ, ಬಾಯಿ ಮಾತ್ರ ಬಂದಿಲ್ಲ. ನಿನ್ನೆಯೂ ಕದ್ದು ಹೋಳಿಗೆ ತಿಂದಿದ್ದಾರೆ.

ನೀನು ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಕಳಿಸಿದ ಏಳು ನಿಮಿಷದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಕೊನೆಗೆ ಮೀನಿನ ರೇಟಿಗೇ ಬಂದು ನಿಲ್ಲುತ್ತೇವೆ, ಅಲ್ವಾ? ಅದಕ್ಕೇ ಕಾಗದ.

ಚರ್ಚ್ ಬಿಡುವ ಅರ್ಜಿ ತುಂಬಿಟ್ಟುಕೊಂಡಿದ್ದೇನೆ ಅಂದೆ. ಇದನ್ನು ಕೇಳಿ ನಾನು ಬೆಚ್ಚಿಬೀಳುತ್ತೇನೆ ಅಂದುಕೊಂಡಿದ್ದೆಯೋ ಏನೋ. ಬೀಳಲಿಲ್ಲ. ಮೊದಲು ನಗು ಬಂತು. ಸಂಬಳದ ಚೀಟಿಯಲ್ಲಿ ದೇವರ ಹೆಸರಿಗೆ ಹಣ ಹಿಡಿಯುವ ದೇಶದಲ್ಲಿ ನೀನಿದ್ದೀ. ಊರಿಗೆ ಹೋದ ಮೊದಲ ವಾರ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂನಲ್ಲಿ ಪ್ರೊಟೆಸ್ಟೆಂಟ್ ಅಂತ ಬರೆದೆ, ಮುಂದಿನ ತಿಂಗಳಿಂದಲೇ ಚರ್ಚ್ ತೆರಿಗೆ ಕಟ್ ಆಯಿತು. ನಿನ್ನ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8 ಶೇಕಡಾ. ತಿಂಗಳಿಗೆ 600 ಯೂರೋ ತೆರಿಗೆ ಅಂದರೆ ಚರ್ಚಿಗೆ 48. ಆಫೀಸಿನವರು ನಿನಗೆ "ಬಿಟ್ಟುಬಿಡು, ನಾವೆಲ್ಲ ಬಿಟ್ಟಿದ್ದೇವೆ, ಒಂದು ಸಹಿ ಅಷ್ಟೇ" ಅಂದರು. ಅವರು ಹೇಳಿದ್ದು ಸುಳ್ಳಲ್ಲ.

ಆದರೆ ನಿನ್ನ ಏಳು ನಿಮಿಷದಲ್ಲಿ ದುಡ್ಡಿನ ಮಾತು ಅರ್ಧ ನಿಮಿಷವೂ ಇರಲಿಲ್ಲ, ಪುಟ್ಟಿ. ಉಳಿದದ್ದೆಲ್ಲ ಬೇರೆಯೇ. ದೊಡ್ಡ ಕಲ್ಲಿನ ಚರ್ಚ್, ಒಳಗೆ ಇಪ್ಪತ್ತು ಜನ, ಎಲ್ಲರ ತಲೆಯೂ ಬಿಳಿ. ಆರಾಧನೆ ಮುಗಿದ ಮೇಲೆ ಕೈ ಕುಲುಕಿ ಹೋಗುತ್ತಾರೆ, ಹೆಸರು ಕೇಳುವುದಿಲ್ಲ. ಕೇಳಿದ ಒಬ್ಬ ಅಜ್ಜಿಯೂ "ನೀವು ಯಾವಾಗ ಮತಾಂತರ ಆದದ್ದು?" ಅಂತ ಕೇಳಿದರು. ಆ ಕಡೆ ಕನ್ನಡ ಬಳಗದ ದೀಪಾವಳಿಗೆ ಹೋದರೆ ಯಾರೋ, "ನಿಮಗೇನು ಬಿಡಿ, ನೀವು ಕ್ರಿಶ್ಚಿಯನ್ಸ್, ಇಲ್ಲಿ ಸುಲಭ" ಅಂದರು. ಬಳಗದವರಿಗೆ ನೀನು ಅರ್ಧ ಜರ್ಮನ್, ಚರ್ಚಿನವರಿಗೆ ಪೂರ್ತಿ ಹಿಂದೂ. ಮನೆಗೆ ಬಂದು ಅತ್ತುಬಿಟ್ಟೆ ಅಂದೆ.

ಆ ಅಳು ನನಗೆ ಗೊತ್ತು.

1986ರಲ್ಲಿ ನಾನು ನರ್ಸ್ ಆಗಿ ಕುವೈತಿಗೆ ಹೋದಾಗ 26 ವರ್ಷ. ಅಲ್ಲಿ ಭಾನುವಾರ ಡ್ಯೂಟಿ, ಶುಕ್ರವಾರ ಆರಾಧನೆ. ಮೊದಲ ಮೂರು ತಿಂಗಳು ಶುಕ್ರವಾರ ಚರ್ಚಿಗೆ ಹೋಗಿ ಬಂದರೂ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಒಂದೇ ಕಾಂಪೌಂಡಿನಲ್ಲಿ ಗಂಟೆಗೊಂದು ಭಾಷೆಯ ಆರಾಧನೆ. ಕನ್ನಡದ್ದು ನಾನು ಹೋಗುವ ಕಡೆ ಇರಲಿಲ್ಲ. ಮಲಯಾಳಂ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ರಾಗ ಗೊತ್ತಿದ್ದರೆ ಅವರು ಅವರ ಮಾತಿನಲ್ಲಿ, ನಾನು ನನ್ನ ಮಾತಿನಲ್ಲಿ. ಪಕ್ಕದ ಮಲಯಾಳಿ ಅಕ್ಕ ಒಂದು ದಿನ ತಿರುಗಿ ನೋಡಿ, "ನೀನು ತಪ್ಪು ಹಾಡ್ತಿದ್ದೀ" ಅಂದರು. ಇಲ್ಲ, ಕನ್ನಡ ಹಾಡ್ತಿದ್ದೇನೆ ಅಂದೆ. ಮುಂದಿನ ಶುಕ್ರವಾರದಿಂದ ನನಗಾಗಿ ಜಾಗ ಹಿಡಿದಿಡುತ್ತಿದ್ದರು.

1990ರ ಆಗಸ್ಟಿನಲ್ಲಿ ಇರಾಕಿನವರು ಒಳಗೆ ಬಂದದ್ದು, ನಾವು ಓಡಿದ್ದು ನಿನಗೆ ಗೊತ್ತೇ ಉಂಟು. ಅಮ್ಮಾನಿನಿಂದ ಮುಂಬಯಿಗೆ ಏರ್ ಇಂಡಿಯಾ ಹಾರಿಸಿ ತಂದ ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ನಾನೂ ಒಬ್ಬಳು. ಆದರೆ ವಿಮಾನಕ್ಕೆ ಮೊದಲು ಜೋರ್ಡಾನ್ ಗಡಿಯ ಡೇರೆಯಲ್ಲಿ ಕಳೆದ ಒಂಬತ್ತು ದಿನದ ಬಗ್ಗೆ ನಾನು ಜಾಸ್ತಿ ಹೇಳಿಲ್ಲ. ಸತ್ಯವೇದ, ಸಂಗೀತ ಪುಸ್ತಕ ಎಲ್ಲ ರೂಮಿನಲ್ಲೇ ಉಳಿದಿತ್ತು. ಕೈಯಲ್ಲಿ ಇದ್ದದ್ದು ಪಾಸ್‌ಪೋರ್ಟ್, ಒಂದು ಚೀಲ. ರಾತ್ರಿ ಮರಳು ಗಾಳಿಗೆ ಡೇರೆ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗೆ ನಾನು 23ನೇ ಕೀರ್ತನೆ ಹೇಳತೊಡಗಿದೆ. ಅಜ್ಜಿ ಬಾಯಿಪಾಠ ಮಾಡಿಸಿದ್ದು, ತಪ್ಪಿದರೆ ಕಿವಿ ಹಿಂಡುತ್ತಿದ್ದರಲ್ಲ, ಅದೇ. ಬಟ್ಟೆಯ ಆಚೆ ಕಡೆಯಿಂದ ಒಬ್ಬರು, "ಊರಿನವರಾ ನೀವು?" ಅಂತ ಕೇಳಿದರು. ಉಪ್ಪಿನಂಗಡಿ ಕಡೆಯ ಬ್ಯಾರಿ. ಹೆಂಡತಿ, ಎರಡು ಮಕ್ಕಳು. ಬೆಳಿಗ್ಗೆ ಅವರ ರೊಟ್ಟಿಯಲ್ಲಿ ಒಂದು ತುಂಡು ನನಗೆ, ನನ್ನ ಹತ್ತಿರ ಉಳಿದಿದ್ದ ಜ್ವರದ ಮಾತ್ರೆ ಅವರ ಚಿಕ್ಕ ಮಗುವಿಗೆ. ಒಂಬತ್ತು ದಿನವೂ ಹಾಗೇ ನಡೆಯಿತು. ಅವರ ನಮಾಜು ಅವರು ಬಿಡಲಿಲ್ಲ, ನನ್ನ ಕೀರ್ತನೆ ನಾನು ಬಿಡಲಿಲ್ಲ.

ಅದಕ್ಕೇ ಹೇಳುವುದು, ದಿನಕ್ಕೊಂದಾದರೂ ಪ್ರಾರ್ಥನೆ ಕನ್ನಡದಲ್ಲೇ ಮಾಡು. ಜರ್ಮನ್ ಚೆನ್ನಾಗಿ ಕಲಿ, ಅವರ ಸಭೆಯಲ್ಲಿ ಅವರ ಮಾತಿನಲ್ಲೇ ಹಾಡು. ಆದರೆ ಊಟಕ್ಕೆ ಮೊದಲಿನ ಪ್ರಾರ್ಥನೆ ಮನೆಯದೇ ಇರಲಿ. ಆಫೀಸಿನ ಕ್ಯಾಂಟೀನಿನಲ್ಲಿ ನಾಚಿಕೆ ಆಗುತ್ತದೆ ಅಂದೆಯಲ್ಲ? ಕಣ್ಣು ಮುಚ್ಚಿ ಕೈ ಜೋಡಿಸಿ ನಾಟಕ ಮಾಡಬೇಕಂತಿಲ್ಲ ಮಾರಾಯ್ತಿ. ಚಮಚ ಎತ್ತುವ ಮೊದಲು ಮನಸ್ಸಿನಲ್ಲಿ ಎರಡು ಮಾತು ಹೇಳಿದರೆ ಸಾಕು. ಯಾರಾದರೂ ಕೇಳಿದರೆ ಮುಚ್ಚಿಡಬೇಡ, ಕೇಳದಿದ್ದರೆ ಭಾಷಣ ಕೊಡಬೇಡ.

ಇನ್ನು ಆ ಅಜ್ಜಿಯ ಪ್ರಶ್ನೆ. ಸಿಟ್ಟು ಮಾಡಬೇಡ, ಅವರಿಗೆ ಗೊತ್ತಿಲ್ಲ. ಮುಂದಿನ ಸಲ ಸಿಕ್ಕರೆ ಕಾಫಿಗೆ ಕೂರಿಸಿ ಹೇಳು: ನಮ್ಮ ಮನೆಯಲ್ಲಿ ನಾನು ಆರನೇ ತಲೆಮಾರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಹಡಗು ಇಳಿದು ಮಂಗಳೂರಿಗೆ ಬಂದರು. ಅವರಲ್ಲಿ ಹೆಬಿಕ್ ಹುಟ್ಟಿದ್ದು ನಿಮ್ಮ ಉಲ್ಮ್ ಹತ್ತಿರದ ಹಳ್ಳಿಯಲ್ಲಿ, ತೀರಿಕೊಂಡದ್ದು ನಿಮ್ಮ ಸ್ಟುಟ್‌ಗಾರ್ಟಿನಲ್ಲೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಎಸ್‌ಲಿಂಗೆನ್‌ನಲ್ಲಿ. ನೀನು ರೈಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೋಗುವ ಊರು ಅದು! ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ನಿನ್ನನ್ನು ಬೇರೆ ಲೋಕದವಳ ಹಾಗೆ ನೋಡುವ ಆ ನಾಡಿನಲ್ಲಿ ನಮ್ಮ ಭಾಷೆಗೆ ದುಡಿದವರು ಮಲಗಿದ್ದಾರೆ.

ಕಿಟ್ಟೆಲ್ ಅವರನ್ನು ನಾನು ಸುಮ್ನೆ ಎತ್ತುತ್ತಿಲ್ಲ. ಅವರೂ ಎರಡು ಕಡೆಯ ನಡುವೆ ಇದ್ದವರೇ. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದರು, ಗಾದೆಗಳನ್ನೂ ಹಳೆಗನ್ನಡ ಕಾವ್ಯಗಳನ್ನೂ ಹುಡುಕಿ ಓದಿದರು, 1894ರಲ್ಲಿ 70,000 ಪದಗಳ ನಿಘಂಟು ಕೊಟ್ಟರು. ಜರ್ಮನ್‌ನವರಾಗಿಯೇ ಉಳಿದರು, ಕನ್ನಡವೂ ಅವರಿಗೆ ದಕ್ಕಿತು. ಮಿಷನ್ನಿನವರೆಲ್ಲ ಹಾಗಿದ್ದರು ಅಂತ ನಾನು ಹೇಳುವುದಿಲ್ಲ. ನಮ್ಮವರ ಎಷ್ಟೋ ಒಳ್ಳೆಯ ಪದ್ಧತಿಯನ್ನು ಅಜ್ಞಾನ ಅಂತ ತಳ್ಳಿಹಾಕಿದವರೂ ಅವರಲ್ಲಿದ್ದರು. ಆ ಬೇಸರ ನನಗೂ ಉಂಟು.

ಭಾನುವಾರ ಮಿಕ್ಸಿಯಲ್ಲಿ ತೆಂಗಿನಕಾಯಿ ಅರೆದದ್ದಕ್ಕೆ ಕೆಳಗಿನ ಮನೆಯವರು ಬಾಗಿಲು ಬಡಿದರು ಅಂದಾಗ ನಿನ್ನ ಮುತ್ತಜ್ಜಿ ನೆನಪಾದರು. ಅವರು ಭಾನುವಾರ ಸೂಜಿ ಕೂಡ ಮುಟ್ಟುತ್ತಿರಲಿಲ್ಲ. ಗುಂಡಿ ಕಿತ್ತುಹೋದರೆ ಪಿನ್ನು ಹಾಕಿಕೊಂಡೇ ಚರ್ಚಿಗೆ. ಆ ಶಿಸ್ತು ಇಲ್ಲಿಗೆ ಬಂದದ್ದು ಅಲ್ಲಿಂದಲೇ. ಈಗ ಅವರಲ್ಲಿ ದೇವರು ಹೋಗಿ ನಿಶ್ಶಬ್ದ ಮಾತ್ರ ಉಳಿದಿದೆಯೋ ಏನೋ. ಶನಿವಾರವೇ ಅರೆದು ಫ್ರಿಜ್ಜಿನಲ್ಲಿಡು.

ದೀಪಾವಳಿಯ ವಿಷಯದಲ್ಲಿ ನೀನು ಜಾಸ್ತಿ ತಲೆ ಕೆಡಿಸಿಕೊಂಡಿದ್ದೀ. ಕರೆದರೆ ಹೋಗು. ಇಲ್ಲಿ ಪಕ್ಕದ ಭಟ್ಟರ ಮನೆಯಿಂದ ಹಬ್ಬಕ್ಕೆ ಹೋಳಿಗೆ ಬರುತ್ತದೆ, ಕ್ರಿಸ್ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿಗಳ ತಟ್ಟೆ ಅವರಲ್ಲಿಗೆ ಹೋಗುತ್ತದೆ. ನಲವತ್ತು ವರ್ಷದಿಂದ ಯಾರ ನಂಬಿಕೆಯೂ ಕರಗಿಲ್ಲ. ಪೂಜೆ ನಡೆಯುವಾಗ ಮರ್ಯಾದೆಯಿಂದ ನಿಲ್ಲು. ಆರತಿ ತೆಗೆದುಕೊಳ್ಳಲು ಮನಸ್ಸು ಒಪ್ಪದಿದ್ದರೆ ನಗುತ್ತಾ ಬೇಡ ಅನ್ನು, ಮುಖ ಗಂಟು ಹಾಕಿ ಹೊರಗೆ ಹೋಗಬೇಡ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯ ಓದು. ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಹುದೋ ಬೇಡವೋ ಅಂತ ಆಗಲೂ ಇದೇ ಗಲಾಟೆ. ನಮ್ಮ ಸಭೆಯಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ನಿನ್ನ ಅಪ್ಪನೂ ಒಪ್ಪಲಿಕ್ಕಿಲ್ಲ. ನೀನು ಕೇಳಿದ್ದು ನನ್ನನ್ನು.

ಅಲ್ಲಿ ಚರ್ಚಿನ ಅಂಗಳದಲ್ಲೇ ಬಿಯರ್ ಕುಡಿಯುತ್ತಾರಂತಲ್ಲ, ಅದನ್ನು ಮಾತ್ರ ದೊಡ್ಡಪ್ಪನಿಗೆ ಹೇಳಬೇಡ. ಟಿಕೆಟ್ ಬುಕ್ ಮಾಡಿಯಾರು.

ಈಗ ಆ ಅರ್ಜಿ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿಗೆ ದುಡ್ಡು ಸಾಲದಾದಾಗ ಒಂದು ಉಪಾಯ ಮಾಡಿದರು. ಮಿಷನ್ನಿಗೆ ಒಲವಿದ್ದ ಒಬ್ಬೊಬ್ಬರಿಂದಲೂ ವಾರಕ್ಕೆ ಅರ್ಧ ಬಾಟ್ಸನ್. ಬಾಟ್ಸನ್ ಅನ್ನುವುದು ಸ್ವಿಸ್ಸಿನವರ ಚಿಲ್ಲರೆ ನಾಣ್ಯ, ಅರ್ಧ ಅಂದರೆ ಐದು ಕಾಸು ಅಂದುಕೋ. ಶ್ರೀಮಂತರ ಕೊಡುಗೆ ಬೇರೆ, ಇದು ಬಡವರದ್ದು. ಬಾಗಿಲು ಬಾಗಿಲಿಗೆ ಹೋಗಿ ಕೂಡಿಸುತ್ತಿದ್ದರು. ಅಂಥ ಚಿಲ್ಲರೆಯೂ ಸೇರಿ ನಡೆದ ಕೆಲಸದಲ್ಲೇ ಇಲ್ಲಿ ಶಾಲೆಗಳು ಆದವು, ನಮ್ಮ ಮುತ್ತಜ್ಜಿಯಂಥವರ ಕೈಗೆ ಸ್ಲೇಟು ಬಂತು. ಕಂಡು ಕೇಳದ ಮಂಗಳೂರಿಗೆ ಕಾಸು ಹಾಕಿದ ಆ ಹೆಂಗಸರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ.

ಸಾಲ ತೀರಿಸು ಅನ್ನುತ್ತಿಲ್ಲ. ಹಣ ನಿಜವಾಗಿ ಭಾರ ಆಗಿದ್ದರೆ ಬಿಡು, ಅಪ್ಪನ ಲೋನ್ ಕಟ್ಟುತ್ತಿದ್ದೀ ಅಂತ ನನಗೂ ಗೊತ್ತು. ನಂಬಿಕೆಯೇ ಹೋಗಿದ್ದರೆ ಆಗಲೂ ಸಹಿ ಹಾಕು. ನನಗೆ ನೋವಾದೀತು, ಆದರೆ ಇಲ್ಲದ್ದನ್ನು ಇದೆ ಅಂತ ಬರೆದುಕೊಂಡು ತಿರುಗುವುದು ಬೇಡ. ಹೆಸರು ಕೇಳಲಿಲ್ಲ ಅನ್ನುವ ಸಿಟ್ಟಿಗೆ ಮಾತ್ರ ಸಹಿ ಹಾಕಬೇಡ. ಒಂದು ವಿಷಯ ಗೊತ್ತಿರಲಿ: ಹೊರಗೆ ಬಂದರೆ ನಾಳೆ ನಿನ್ನ ಗೆಳತಿಯ ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿ ತಾಯಿಯಾಗಿ ನಿಲ್ಲಲು ಅಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಕ್ರಿಸ್ಮಸ್ ತನಕ ಆ ಕಾಗದ ಡ್ರಾಯರಿನಲ್ಲಿರಲಿ.

ಅಷ್ಟರಲ್ಲಿ ಎರಡು ಕೆಲಸ ಮಾಡು. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಸದಸ್ಯವಾಗಿರುವ ಇಎಂಎಸ್ ಅನ್ನುವ ಮಿಷನ್ ಒಕ್ಕೂಟದ ಕಚೇರಿ ಸ್ಟುಟ್‌ಗಾರ್ಟಿನಲ್ಲೇ ಉಂಟು. ಹೋಗಿ, ಮಂಗಳೂರಿನ ಹುಡುಗಿ ಅಂತ ಹೇಳು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ ಬಲ್ಮಠ ಅಂದರೆ ಏನು ಅಂತ ಅಲ್ಲಿ ವಿವರಿಸಬೇಕಾಗಲಿಕ್ಕಿಲ್ಲ. ಎರಡನೆಯದು, ನಿನ್ನ ಚರ್ಚಿನ ಆ ಇಪ್ಪತ್ತು ಅಜ್ಜಿಯರಿಗೆ ತಿಂಡಿ ತೆಗೆದುಕೊಂಡು ಹೋಗು. ಅವರು ಬಂದು ಮಾತಾಡಿಸಲಿ ಅಂತ ಕಾದರೆ ವರ್ಷ ಹೋದೀತು.

ಬರುವ ತಿಂಗಳು ಫ್ರಾಂಕ್‌ಫರ್ಟಿಗೆ ಹೊರಟ ನಮ್ಮ ಸಭೆಯ ಹುಡುಗನ ಕೈಯಲ್ಲಿ ಹಳೆಯ ಸಂಗೀತ ಪುಸ್ತಕವನ್ನೂ ಕೊಕ್ಕಿಸಾಂ (ಹೂವಿನಾಕಾರದ ಕರಿದ ತಿಂಡಿ) ಮಾಡುವ ಅಚ್ಚನ್ನೂ ಕಳಿಸುತ್ತೇನೆ. ಪುಸ್ತಕದ ಬೈಂಡು ಬಿಚ್ಚಿದೆ, ರಬ್ಬರ್ ಬ್ಯಾಂಡ್ ತೆಗೆಯಬೇಡ. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸು. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದು, ಪೂರ್ತಿ ಮುಳುಗಿಸಿದರೆ ಬಿಡುವುದೇ ಇಲ್ಲ. ಮೊದಲ ಎರಡು ಹೇಗೂ ಹಾಳಾಗುತ್ತವೆ, ಅವನ್ನು ನೀನು ತಿನ್ನು, ಒಳ್ಳೆಯದನ್ನು ಅಜ್ಜಿಯರಿಗೆ ಕೊಡು. ಹೊಗೆಯ ಅಲಾರಂ ಹೊಡೆದುಕೊಳ್ಳದ ಹಾಗೆ ಕಿಟಕಿ ತೆರೆದಿಡು.

ಭಾನುವಾರ ಆರಾಧನೆ ಮುಗಿಸಿ ಫೋನ್ ಮಾಡು.

ನಿನ್ನ ಪ್ರೀತಿಯ
ದೊಡ್ಡಮ್ಮ